ಊದಿದ ತುಟಿ

ನನ್ನ ತುಟಿ ಊದಿಕೊಂಡ ಬೆಳಿಗ್ಗೆ ಮೊದಲು ನಕ್ಕವನು ನಮ್ಮ ಚಿಕ್ಕಪ್ಪ ಕೋದಂಡರಾಮಪ್ಪ. ಡೋಲು ಬಾರಿಸುವವನು, ನಗುವುದೂ ಡೋಲಿನ ಹಾಗೆಯೇ.

"ಏನ್ಲಾ ಕದಿರೇಶ, ಜೇನುಹುಳ ಮುತ್ತು ಕೊಡ್ತಾ? ಇಲ್ಲ ನೀನೇ ಹೋಗಿ ಕೇಳ್ದಾ?"

ಬೈಯಲು ಬಾಯಿ ತೆರೆದೆ. ಕೆಳತುಟಿಯ ನಡುಮಧ್ಯದಲ್ಲಿ ಚರ್ಮ ಚಟ್ಟನೆ ಸೀಳಿತು. ಬೈಗುಳ ಅರ್ಧಕ್ಕೇ ನಿಂತಿತು. ಇಪ್ಪತ್ತಮೂರು ವರ್ಷದಲ್ಲಿ ನನ್ನ ಬೈಗುಳ ಅರ್ಧಕ್ಕೆ ನಿಂತದ್ದು ಅದೇ ಮೊದಲು.

ಅಂಗಡಿಯ ಕನ್ನಡಿಯಲ್ಲಿ ನೋಡಿಕೊಂಡೆ. ಎರಡು ತುಟಿಯೂ ನೀರಿನಲ್ಲಿ ನೆನೆದ ಕಡಲೆಯ ಹಾಗೆ ಉಬ್ಬಿದ್ದವು. ಬಾಯಿಯ ಸುತ್ತ ಕೆಂಪು ಗೆರೆ, ಆ ಗೆರೆಯ ಮೇಲೆ ರವೆಯಂಥ ಗುಳ್ಳೆ. ಉರಿ ಎಂದರೆ ಎಂಥ ಉರಿ! ನಾಲಿಗೆಯಿಂದ ಸವರಿದರೆ ಒಂದು ಗಳಿಗೆ ತಂಪು, ಮರುಗಳಿಗೆ ಎರಡರಷ್ಟು ಬೆಂಕಿ.

ನಮ್ಮದು ಕತ್ತರಿಯೂ ವಾಲಗವೂ ಇರುವ ಮನೆ. ಶ್ರೀನಿವಾಸಪುರದ ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ನಮ್ಮ ಅಂಗಡಿ. ವಾರದ ದಿನ ಊರವರ ಗಡ್ಡ ಹೆರೆಯುತ್ತೇವೆ, ಮುಹೂರ್ತದ ದಿನ ಅವರ ಮದುವೆಗೆ ಊದುತ್ತೇವೆ. ನಾವು ಊದದೆ ಅವರಿಗೆ ತಾಳಿ ಕಟ್ಟಲು ಆಗುವುದಿಲ್ಲ. ಊದಿದ ಮೇಲೆ ನಮ್ಮ ಮುಖ ನೋಡಲು ಆಗುವುದಿಲ್ಲ. ನಾನು ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಅದು ಅಪ್ಪ ವೆಂಕಟರಮಣಪ್ಪನ ಮುಂದಿನ ನಾಲ್ಕು ಹಲ್ಲು ಬಿದ್ದ ವರ್ಷ. ಮುಂದಿನ ಹಲ್ಲಿಲ್ಲದವನು ನಾದಸ್ವರ ಹಿಡಿಯಲಾರ. ಮನೆಯಲ್ಲಿ ಹಲ್ಲೂ ಉಸಿರೂ ಇದ್ದ ಗಂಡಸು ನಾನೊಬ್ಬನೇ. ಮೇಷ್ಟ್ರು ಒಂದು ಸಲವೂ ಮನೆಗೆ ಬಂದು ಯಾಕೆ ಬಿಟ್ಟೆ ಎಂದು ಕೇಳಲಿಲ್ಲ. ಅವರ ಮಗನ ಮದುವೆಗೆ ಮಾತ್ರ ಕರೆಯಲು ಬಂದರು.

ಇರಲಿ. ತುಟಿ ಊದಿದ್ದು ಶುಕ್ರವಾರ. ಅಲ್ಲಿಗೆ ಒಂಬತ್ತನೇ ದಿನ, ಭಾನುವಾರ, ನರಸಿಂಹಪ್ಪನವರ ಮಗಳು ಮಾನಸಳ ಮದುವೆ. ನರಸಿಂಹಪ್ಪ ಎಂದರೆ ನೂರಾರು ಮಾವಿನ ಮರದ ಒಡೆಯ, ಊರಿನ ಯಾವ ಕಮಿಟಿಗೆ ಹೋದರೂ ಮೊದಲ ಕುರ್ಚಿ. ಆ ಮದುವೆಯಲ್ಲಿ ನಾನು ಊದಲೇಬೇಕಿತ್ತು. ಯಾಕೆ ಎಂದು ಹೇಳುತ್ತೇನೆ.

ಹಿಂದಿನ ವರ್ಷ, ಈ ಮದುವೆ ಗೊತ್ತಾಗಿದ್ದ ಛತ್ರದಲ್ಲೇ ಇನ್ನೊಂದು ಮದುವೆ. ಎಲ್ಲರ ಊಟ ಮುಗಿದ ಮೇಲೆ ನಮಗೆ ಎಲೆ ಹಾಕಿದರು. ಎಲ್ಲಿ? ಹಿತ್ತಲಲ್ಲಿ, ಪಾತ್ರೆ ತೊಳೆಯುವ ನಲ್ಲಿಯ ಪಕ್ಕ. ಮುಸುರೆ ನೀರು ಹರಿದು ಬಂದು ಅಪ್ಪನ ಎಲೆಯ ತುದಿಯನ್ನು ನೆನೆಸಿತು. ಅಪ್ಪ ಎಲೆಯನ್ನು ಒಂದು ಗೇಣು ಪಕ್ಕಕ್ಕೆ ಎಳೆದುಕೊಂಡು ತಿನ್ನುತ್ತ ಹೋದ. ಆ ಒಂದು ಗೇಣು ನನಗೆ ಇವತ್ತಿಗೂ ಉರಿಯುತ್ತದೆ. ತುಟಿಯ ಉರಿ ಅದರ ಮುಂದೆ ಏನೂ ಅಲ್ಲ.

ಆದ್ದರಿಂದ ಮಾರ್ಚಿನಲ್ಲಿ ನರಸಿಂಹಪ್ಪ ವೀಳ್ಯ ಕೊಡಲು ಬಂದಾಗ ನಾನು ತಟ್ಟೆ ಮುಟ್ಟಲಿಲ್ಲ.

"ಮೊದಲನೇ ಪಂಕ್ತೀಲಿ ನಮಗೆ ಎಲೆ ಹಾಕ್ಬೇಕು. ನಿಮ್ಮ ನೆಂಟರ ಸಾಲಲ್ಲೇ," ಎಂದೆ.

ಅವರು ಅಪ್ಪನ ಮುಖ ನೋಡಿದರು. ಅಪ್ಪ ನೆಲ ನೋಡಿದ.

"ಮೊದಲನೇ ಪಂಕ್ತಿ ಕೂತಾಗ ನೀವು ನುಡಿಸ್ತಾ ಇರ್ಬೇಕಲ್ಲಪ್ಪ. ಅದಕ್ಕೇ ಕೊನೇಗೆ ಹಾಕೋದು. ಬೇರೆ ಏನಿಲ್ಲ."

"ಅನ್ನಕ್ಕೂ ತಾಳಿ ಕಟ್ತೀರಾ ಸ್ವಾಮಿ, ವಾಲಗ ಬೇಕು ಅನ್ನೋಕೆ?"

ಗಡ್ಡಕ್ಕೆ ಕಾದು ಕೂತಿದ್ದ ನಾಲ್ಕು ಜನ ನಕ್ಕುಬಿಟ್ಟರು. ನಾಲ್ಕು ಜನರ ಮುಂದೆ ಚಿಕ್ಕವರಾಗಲು ನರಸಿಂಹಪ್ಪನವರಿಗೆ ಇಷ್ಟವಿರಲಿಲ್ಲ. "ಆಯ್ತು ಬಿಡು. ಗಟ್ಟಿಮೇಳ ಊದಿದವನಿಗೆ ಮೊದಲನೇ ಪಂಕ್ತಿ. ಮಾತಂದ್ರೆ ಮಾತು," ಎಂದು ತಟ್ಟೆ ನೂಕಿದರು. ತಾಳಿ ಕಟ್ಟುವ ಗಳಿಗೆಯಲ್ಲಿ ಯಾರ ಕೆಟ್ಟ ಮಾತೂ ಹುಡುಗ ಹುಡುಗಿಯ ಕಿವಿಗೆ ಬೀಳದಿರಲಿ ಎಂದು ಡೋಲು ನಾದಸ್ವರ ಒಟ್ಟಿಗೆ ಮೊಳಗುತ್ತದಲ್ಲ, ಅದೇ ಗಟ್ಟಿಮೇಳ. ಅದನ್ನು ನಾನು ಊದದಿದ್ದರೆ ಅವರ ಮಾತೂ ಇಲ್ಲ, ಪಂಕ್ತಿಯೂ ಇಲ್ಲ. ಮತ್ತೆ ಅದೇ ನಲ್ಲಿ, ಅದೇ ಮುಸುರೆ.

ಈಗ ಊದಬೇಕಾದವನ ತುಟಿಯೇ ಊದಿಕೊಂಡಿತ್ತು.

ಮೊದಲ ದಿನ ಮನೆಯವರೆಲ್ಲ ಸೇರಿ ನನಗೆ ವೈದ್ಯ ಮಾಡಿದರು. ಅಮ್ಮ ಭಾರತಮ್ಮ ತುಪ್ಪದಲ್ಲಿ ಅರಿಶಿನ ಕಲೆಸಿ ಹಚ್ಚಿದಳು. ಚಿಕ್ಕಪ್ಪ ಟೂತ್‌ಪೇಸ್ಟ್ ಹಚ್ಚಿದರೆ ತಣ್ಣಗಾಗುತ್ತದೆ ಎಂದ, ಹಚ್ಚಿದೆ. ಎದುರುಮನೆಯ ಮುದುಕಿ ನಿಂಬೆಹಣ್ಣು ಉಜ್ಜು ಎಂದಳು. ಅದನ್ನೂ ಉಜ್ಜಿದೆ, ಉಜ್ಜಿ ಬೀದಿಯ ತುದಿಯವರೆಗೆ ಓಡಿದೆ.

"ಸೊನೆ ಹತ್ತಿರಬೇಕು ಕಣೋ," ಎಂದಳು ಅಮ್ಮ. ಮಾವಿನಕಾಯಿಯ ತೊಟ್ಟು ಮುರಿದರೆ ಚಿಮ್ಮುವ ಹಾಲು, ಅದು ಸೊನೆ.

ನನಗೆ ಸಿಟ್ಟೇ ಬಂತು. ಶ್ರೀನಿವಾಸಪುರದಲ್ಲಿ ಹುಟ್ಟಿದವನಿಗೆ ಸೊನೆ ಹತ್ತುತ್ತದೆಯೇ? ಚಡ್ಡಿ ಹಾಕುವ ಮೊದಲೇ ತೊಟ್ಟು ಹಲ್ಲಿನಲ್ಲಿ ಕಿತ್ತು ಉಗಿದವರು ನಾವು. ಸೊನೆ ಹತ್ತುವುದೆಲ್ಲ ಬೆಂಗಳೂರಿನಿಂದ ಕಾರಿನಲ್ಲಿ ಬಂದು ತೋಟದಲ್ಲಿ ಫೋಟೋ ಹಿಡಿಸಿಕೊಳ್ಳುವವರಿಗೆ. ಅಲ್ಲದೆ ಆ ವರ್ಷ ಮುಹೂರ್ತದ ಮೇಲೆ ಮುಹೂರ್ತ, ನಾನು ಒಂದು ಕಾಯಿಯನ್ನೂ ಮುಟ್ಟಿರಲಿಲ್ಲ.

ಸಂಜೆಗೆ ತುಟಿ ಇನ್ನೊಂದು ಸುತ್ತು ಊದಿತು.

ಶನಿವಾರ ಶಹರ್ ಬಾನು ಅಕ್ಕನ ಮೆಡಿಕಲ್ಸಿಗೆ ಹೋದೆ. ಅಕ್ಕ ಫಾರ್ಮಸಿ ಓದಿದವಳು. ಅವಳ ಅಂಗಡಿಗೆ ಬಂದವರು ಮಾತ್ರೆ ತೆಗೆದುಕೊಳ್ಳುವುದಕ್ಕಿಂತ ಬೈಸಿಕೊಂಡು ಹೋಗುವುದೇ ಹೆಚ್ಚು.

"ಕ್ಯಾ ರೇ ಕದಿರೇಶ, ಯಾರ ಹತ್ರ ಹೊಡೆಸ್ಕೊಂಡೆ?"

ತಲೆ ಆಡಿಸಿದೆ. ಅಕ್ಕ ಫೋನಿನ ಟಾರ್ಚು ಬಿಟ್ಟು ನೋಡಿದಳು. ದನಿ ಬದಲಾಯಿತು.

"ಇದು ಏಟಲ್ಲ, ಅಲರ್ಜಿ. ಉಸಿರಾಡೋಕೆ ಕಷ್ಟ ಆಗ್ತಿದ್ಯಾ? ನಾಲಿಗೆ ದಪ್ಪ? ಗಂಟಲು ಹಿಡಿದ ಹಾಗೆ?"

"ಇಲ್ಲ."

"ಆಗಿದ್ದಿದ್ರೆ ನಿನ್ನ ಇಲ್ಲಿ ನಿಲ್ಲಿಸ್ಕೊಂಡು ಮಾತಾಡ್ತಿರ್ಲಿಲ್ಲ, ಆಂಬುಲೆನ್ಸ್ ಹತ್ತಿಸ್ತಿದ್ದೆ. ಹಂಗೇನಾದ್ರೂ ಆದ್ರೆ ನನ್ನ ಹತ್ರ ಬರ್ಬೇಡ, ಸೀದಾ ಆಸ್ಪತ್ರೆಗೆ ಓಡು. ಈಗ ಹೇಳು, ಏನೇನು ಹಚ್ಚಿದೀಯ?"

ಹೇಳಿದೆ. ತುಪ್ಪ, ಅರಿಶಿನ, ಪೇಸ್ಟು, ನಿಂಬೆಹಣ್ಣು.

"ಯಾ ಅಲ್ಲಾ! ತುಟೀನೇನೋ ಇದು, ಒಗ್ಗರಣೆ ಬಾಣಲೇನಾ?"

ನಗು ಬಂತು, ನಕ್ಕೆ, ಮತ್ತೆ ಸೀಳಿತು.

ಅಕ್ಕ ನನ್ನನ್ನು ದೊಡ್ಡಾಸ್ಪತ್ರೆಗೆ ಓಡಿಸಿದಳು. ಅಲ್ಲಿ ಡಾಕ್ಟರು ಒಂದು ಮಾತ್ರೆ, ಐದು ದಿನಕ್ಕೆ ಒಂದು ಚಿಕ್ಕ ಟ್ಯೂಬು ಬರೆದುಕೊಟ್ಟರು. ಚೀಟಿ ಹಿಡಿದು ವಾಪಸು ಬಂದೆ. ಮಿಕ್ಕ ವೈದ್ಯವೆಲ್ಲ ಅಕ್ಕನದೇ. ಅದರಲ್ಲಿ ಹಚ್ಚುವುದು ಕಡಿಮೆ, ಬಿಡುವುದು ಜಾಸ್ತಿ. ಬಿಳಿ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹತ್ತು ನಿಮಿಷ ಇಡಬೇಕು, ಉಜ್ಜಬಾರದು. ಆಮೇಲೆ ಬಣ್ಣ, ವಾಸನೆ, ಪುದೀನ ಏನೂ ಇಲ್ಲದ ಬರೀ ವ್ಯಾಸಲೀನು. ಖಾರ ಇಲ್ಲ, ಹುಳಿ ಇಲ್ಲ, ಬಿಸಿ ಟೀ ಇಲ್ಲ. ಪೇಸ್ಟು ಬದಲು ಬರೀ ನೀರು.

"ಸಿಪ್ಪೆ ಎದ್ರೆ ಕೀಳಬೇಡ. ನಾಲಿಗೇಲಿ ಸವರಬೇಡ. ಎಂಜಲು ಒಣಗಿದಷ್ಟೂ ತುಟಿ ಸುಡುತ್ತೆ."

"ಮತ್ತೆ ನಾನು ಮಾಡೋದೇನು?"

"ಏನೂ ಮಾಡಬೇಡ. ಬಾಯಿ ಮುಚ್ಕೊಂಡಿರು."

ಈ ಮಾತು ನನಗೆ ಹೊಸದಲ್ಲ. ಮೇಷ್ಟ್ರು ಹೇಳಿದ್ದರು, ಪೋಲೀಸಿನವರು ಹೇಳಿದ್ದರು, ಛತ್ರದ ಮ್ಯಾನೇಜರು ಹೇಳಿದ್ದ. ಮನೆಯಲ್ಲಿ ಅಪ್ಪ ದಿನಕ್ಕೆ ನಾಲ್ಕು ಸಲ ತೆಲುಗಿನಲ್ಲಿ "ನೋರು ಮೂಸ್ಕೋರಾ" ಎನ್ನುತ್ತಾನೆ. ಬಾಯಿ ಮುಚ್ಚು ಎಂದವರಿಗೆಲ್ಲ ನಾನು ಬಾಯಿ ತೆರೆದೇ ಉತ್ತರ ಕೊಟ್ಟವನು. ಆದರೆ ಅವರೆಲ್ಲ ಹೇಳಿದ್ದು ನಾನು ಅಡಗಿರಲಿ ಎಂದು. ಅಕ್ಕ ಹೇಳಿದ್ದು ನಾನು ಊದಲಿ ಎಂದು. ಮುಚ್ಚಿದೆ.

ಹೊರಡುವಾಗ ಅಕ್ಕ ಒಂದು ಖಾಲಿ ಕಾಗದದ ಕವರು ಕೊಟ್ಟಳು. "ದಿನಕ್ಕೆ ನಿನ್ನ ತುಟಿಗೆ ಏನೇನು ತಾಗುತ್ತೆ, ಎಲ್ಲಾ ಬರಿ. ಒಂದೂ ಬಿಡಬೇಡ. ಇದು ಯಾವುದ್ರಿಂದ ಬಂತು ಗೊತ್ತಾಗ್ದೆ ಹೋದ್ರೆ ಮತ್ತೆ ಬರುತ್ತೆ."

ಬರೆದೆ. ಪೇಸ್ಟು, ಟೀ, ಲೋಟ, ಮುದ್ದೆ ಸಾರು, ಎಲೆಅಡಿಕೆ, ಟವೆಲು, ಗಡ್ಡದ ಸೋಪು. ಹನ್ನೊಂದು ಬರೆದೆ. ಅಕ್ಕ ಒಂದೊಂದನ್ನೇ ಕೇಳಿ ಗೀಟು ಎಳೆದಳು. ಯಾವುದೂ ಹೊಸದಲ್ಲ, ಎಲ್ಲ ವರ್ಷಗಳಿಂದ ತಾಗುತ್ತಿದ್ದದ್ದೇ. "ಇನ್ನೇನೋ ಇದೆ, ಯೋಚ್ನೆ ಮಾಡು," ಎಂದಳು. ನಾನು ಯೋಚಿಸಿದೆ. ಏನೂ ಹೊಳೆಯಲಿಲ್ಲ.

ಭಾನುವಾರದಿಂದ ನಾನು ಮೂಗನಾದೆ. ಅಂಗಡಿಯಲ್ಲಿ ಮಾತಿಲ್ಲದೆ ಹೇಗೆ? ಒಂದು ಉಪಾಯ ಹೊಳೆಯಿತು. ಗಡ್ಡದ ನೊರೆಯನ್ನು ಬೆರಳಿಗೆ ತೆಗೆದುಕೊಂಡು ಕನ್ನಡಿಯ ಮೇಲೆ ಬರೆಯತೊಡಗಿದೆ. "ಮೀಸೆ ಇರಲಾ?" "ತಲೆ ಎತ್ತಿ." "ಕಾಯಬೇಕು." ಒಂಬತ್ತನೇ ಕ್ಲಾಸಿನ ಅಕ್ಷರ, ಆದರೂ ಓದುವ ಹಾಗಿತ್ತು. ಸ್ಕೂಲು ಬಿಟ್ಟ ಮೇಲೆ ನಾನು ಅಷ್ಟು ಬರೆದದ್ದೇ ಇಲ್ಲ. ಬರೀ ಆ ಕನ್ನಡಿ ನೋಡಲಿಕ್ಕೇ ಎರಡು ಬೀದಿ ಆಚೆಯಿಂದ ಜನ ಬಂದರು.

ಮಂಗಳವಾರ ಅಮರನಾಥ ಬಂದ. ನರಸಿಂಹಪ್ಪನವರ ಅಣ್ಣನ ಮಗ, ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವವನು. ಕುರ್ಚಿಯಲ್ಲಿ ಕಾಲು ಚಾಚಿ ಕೂತ.

"ಊದೋನ ತುಟೀನೇ ಊದ್ಕೊಂಡೈತಲ್ಲೋ!" ಎಂದು ತೊಡೆ ತಟ್ಟಿದ. "ಅದೇನೋ ಕೆಟ್ಟ ರೋಗ ಅಂತ ಊರೆಲ್ಲ ಮಾತು. ಎಲ್ಲಿ ಹೋಗಿದ್ದೆ, ನಿಜ ಹೇಳು."

ನಾನು ಅವನ ಕೆನ್ನೆಗೆ ನೊರೆ ಹಚ್ಚಿದೆ.

"ನಮ್ಮ ಚಿಕ್ಕಪ್ಪಂಗೂ ಅದೇ ಯೋಚ್ನೆ. ಭಾನುವಾರಕ್ಕೆ ನನ್ನ ಪೆನ್‌ಡ್ರೈವೇ ಸಾಕಂತೆ. ಒಳ್ಳೇ ವಾಲಗ ಹಾಕ್ಕೊಂಡಿದೀನಿ. ಅದಕ್ಕೆ ತುಟಿ ಊದಲ್ಲ, ಅದು ಪಂಕ್ತೀಲಿ ಎಲೇನೂ ಕೇಳಲ್ಲ."

ಕತ್ತಿ ಅವನ ಗಂಟಲ ಮಣಿಯ ಮೇಲಿತ್ತು. ಎಡಗೈಯಿಂದ ನೊರೆ ತೆಗೆದು ಕನ್ನಡಿಯ ಮೇಲೆ ಬರೆದೆ: "ಮಾತಾಡಬೇಡ. ಕತ್ತಿ ಇದೆ."

ಅಮರನಾಥ ಎದ್ದು ಹೋಗುವ ತನಕ ತುಟಿ ಪಿಟಕ್ಕೆನ್ನಲಿಲ್ಲ. ಮೂಲೆಯಲ್ಲಿ ಕತ್ತರಿ ಒರೆಸುತ್ತಿದ್ದ ಅಪ್ಪನ ಹೆಗಲು ಕುಲುಕುತ್ತಿತ್ತು. ಅಪ್ಪ ನಗುವಾಗ ಸದ್ದು ಬರುವುದಿಲ್ಲ, ಹೆಗಲು ಮಾತ್ರ ಕುಲುಕುತ್ತದೆ.

ಬುಧವಾರಕ್ಕೆ ಊತ ಇಳಿದಿತ್ತು. ಈರುಳ್ಳಿಯ ಹೊರಪದರದಂಥ ಸಿಪ್ಪೆ ಏಳುತ್ತಿತ್ತು, ಕಿತ್ತುಬಿಡಲೇ ಎಂದು ಬೆರಳು ತುರಿಸುತ್ತಿತ್ತು, ಕೀಳಲಿಲ್ಲ. ಉರಿ ಇರಲಿಲ್ಲ. ಗೆದ್ದೆ ಎಂದುಕೊಂಡೆ. ಗೆದ್ದೆ ಎಂದುಕೊಂಡವನು ಸುಮ್ಮನಿರಬೇಕಲ್ಲ? ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿ, ನಾದಸ್ವರ ತೆಗೆದು ಅರ್ಧ ಗಂಟೆ ಊದಿದೆ. ಎಷ್ಟು ಹಿತವಾಗಿತ್ತು!

ಗುರುವಾರ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಗೊತ್ತಾಯಿತು. ತುಟಿ ಮತ್ತೆ ದಪ್ಪ, ಮತ್ತೆ ಅದೇ ರವೆ, ಅದೇ ಬೆಂಕಿ.

ಬಾನು ಅಕ್ಕ ಕೌಂಟರು ಗುದ್ದಿದಳು. "ನಿನ್ನೆ ಏನು ತಾಗಿಸ್ದೆ?"

"ಏನೂ ಇಲ್ಲಕ್ಕ."

"ಸುಳ್ಳು. ತುಟಿ ಸುಳ್ಳು ಹೇಳಲ್ಲ."

"ನಿಜ ಅಕ್ಕ. ಗಂಜಿ ಕುಡ್ದೆ. ವ್ಯಾಸಲೀನ್ ಹಚ್ದೆ. ಸ್ವಲ್ಪ ಹೊತ್ತು ಪ್ರಾಕ್ಟೀಸ್ ಮಾಡ್ದೆ, ಅಷ್ಟೆ."

"ಯಾತರ ಪ್ರಾಕ್ಟೀಸು?"

"ನಾದಸ್ವರ."

ಅಕ್ಕ ನನ್ನನ್ನೇ ನೋಡಿದಳು. ಡ್ರಾಯರಿನಿಂದ ಆ ಹಳೇ ಕವರು ತೆಗೆದು ನನ್ನ ಮುಂದೆ ಇಟ್ಟಳು. ಹನ್ನೊಂದು ಸಾಲು. "ಇದರಲ್ಲಿ ಎಲ್ಲಿದೆ ಅದು? ಅದು ನಿನ್ನ ತುಟಿಗೆ ತಾಗಲ್ವಾ?"

ನಾದಸ್ವರದ ತುದಿಗೆ ಒಂದು ಹುಲ್ಲಿನ ಪೀಪಿ ಇರುತ್ತದೆ, ಜೀವಾಳಿ ಎನ್ನುತ್ತೇವೆ. ಹೆಸರಲ್ಲೇ ಜೀವ ಇದೆ. ಅದನ್ನು ತುಟಿಯಲ್ಲಿ ಕಚ್ಚಿಯೇ ಊದಬೇಕು. ಒಂಬತ್ತು ವರ್ಷದಿಂದ ದಿನವೂ ನನ್ನ ತುಟಿಯ ನಡುವೆ ಇರುವುದು ಅದೊಂದೇ. ಲೋಟ ಬರೆದವನಿಗೆ, ಟವೆಲು ಬರೆದವನಿಗೆ ಅದು ನೆನಪೇ ಆಗಲಿಲ್ಲ.

"ಅದು ತಾಗೋದಲ್ಲ ಅಕ್ಕ," ಎಂದೆ. "ಅದು... ಬಾಯೇ."

"ತಗೊಂಡ್ಬಾ ಆ ಬಾಯಿನ."

ಟಾರ್ಚಿನ ಬೆಳಕಿನಲ್ಲಿ ಜೀವಾಳಿಯ ಪಕ್ಕೆಯ ಮೇಲೆ ಕೂದಲೆಳೆಯಂಥ ಒಂದು ಸೀಳು ಕಾಣಿಸಿತು. ಸೀಳಿನ ಉದ್ದಕ್ಕೂ ಕಂದು ಬಣ್ಣದ ಮಿರುಗುವ ಗೆರೆ. ಮೂಗಿನ ಹತ್ತಿರ ಹಿಡಿದೆ. ಈ ಊರಿನಲ್ಲಿ ಹುಟ್ಟಿದವನಿಗೆ ಆ ವಾಸನೆ ಹೇಳಿಕೊಡಬೇಕಿಲ್ಲ.

"ಸೊನೆ," ಎಂದೆ. "ಆದ್ರೆ ನಮಗೆ ಸೊನೆ ಹತ್ತಲ್ಲ ಅಕ್ಕ. ಹುಟ್ಟಿದಾಗಿಂದ..."

"ಹುಟ್ಟಿದಾಗಿಂದ ಹತ್ತಲಿಲ್ಲ, ಈಗ ಹತ್ತಿತು. ಮೈ ಎಷ್ಟು ದಿನ ಸಹಿಸ್ಕೊಳ್ಳುತ್ತೆ? ಒಂದು ದಿನ ಸಾಕು ಅನ್ನುತ್ತೆ. ಆಮೇಲೆ ಯಾವತ್ತೂ ಒಪ್ಪಲ್ಲ."

ಅಂಗಡಿಗೆ ಬಂದೆ. ಗಿರಾಕಿ ಯಾರೂ ಇರಲಿಲ್ಲ. ಅಪ್ಪ ಒಬ್ಬನೇ ಕೂತಿದ್ದ. ಜೀವಾಳಿಗಳನ್ನು ನೋಡಿಕೊಳ್ಳುವವನು ಅವನೇ. ಹಲ್ಲು ಹೋದ ಮೇಲೆ ಅವನಿಗೆ ಉಳಿದದ್ದು ಅದೊಂದೇ ಕೆಲಸ. ಆ ಜೀವಾಳಿಯನ್ನು ಅವನ ಮುಂದಿಟ್ಟು, ನೊರೆ ತೆಗೆದು ಕನ್ನಡಿಯ ಈ ತುದಿಯಿಂದ ಆ ತುದಿಗೆ ಬರೆದೆ: "ಇದಕ್ಕೆ ಸೊನೆ ಹಚ್ಚಿದ್ದು ನೀನಾ?"

ಅಪ್ಪ ಒಂದೊಂದೇ ಅಕ್ಷರ ಕೂಡಿಸಿ ಓದಿದ. ಓದಿ ಮುಗಿಸುವಷ್ಟರಲ್ಲಿ ಅವನ ಮುಖದ ಬಣ್ಣ ಬದಲಾಗಿತ್ತು.

"ಸೀಳು ಬಿಟ್ಟಿತ್ತು ಕಣೋ. ನಮ್ಮಪ್ಪ ಹಂಗೇ ಮಾಡ್ತಿದ್ದ. ಕಾಯಿ ತೊಟ್ಟಿನ ಸೊನೆ ಒಂದು ತೊಟ್ಟು ಬಿಟ್ಟು ನೆರಳಲ್ಲಿ ಒಣಗಿಸಿದ್ರೆ ಅಂಟು ಹಿಡಿಯುತ್ತೆ, ಇನ್ನೂ ಒಂದು ತಿಂಗಳು ಬರುತ್ತೆ." ಮುಂದಿದ್ದ ಜೀವಾಳಿಯನ್ನು ಎತ್ತಿಕೊಂಡು ಮತ್ತೆ ಹೇಳಿದ, "ಇಪ್ಪತ್ತು ಜೀವಾಳೀಲಿ ಅಂಥ ದನಿ ಒಂದಕ್ಕೆ ಇರೋದು. ನರಸಿಂಹಪ್ಪನ ಮನೇಲಿ ಅದೇ ಮಾತಾಡ್ಲಿ ಅಂತ... ಆ ಪಂಕ್ತಿಗೆ... ನನಗೂ ಆಸೆ ಇರಲ್ವೇನೋ?"

ನನ್ನೊಳಗೆ ಒಂದು ಊರು ಸುಡುವಷ್ಟು ಬೈಗುಳ ಇತ್ತು. ಒಂದೂ ಹೊರಗೆ ಬರುವ ಹಾಗಿರಲಿಲ್ಲ. ತುಟಿ ಬಿಡಿಸಿದರೆ ರಕ್ತ. ನಲ್ಲಿಯ ಪಕ್ಕ ಕೂತಿದ್ದವನಿಗೆ ಆಸೆಯೇ ಇಲ್ಲ ಎಂದು ನಾನು ಇಷ್ಟು ದಿನ ನಂಬಿದ್ದೆ. ನನಗೊಬ್ಬನಿಗೇ ಉರಿಯುತ್ತದೆ ಎಂದುಕೊಂಡಿದ್ದೆ.

"ಬಯ್ಯೋ," ಎಂದ ಅಪ್ಪ. "ಕನ್ನಡಿ ಮೇಲಾದ್ರೂ ಬಯ್ಯಿ."

ಟವೆಲಿನಿಂದ ಕನ್ನಡಿ ಒರೆಸಿದೆ. ಬೆರಳಿಗೆ ನೊರೆ ತೆಗೆದುಕೊಂಡು ಎರಡೇ ಮಾತು ಬರೆದೆ: "ಹೊಸದು ತೆಗಿ."

ಹೊಸ ಜೀವಾಳಿ ಎಂದರೆ ಪಳಗದ ಹೋರಿ. ದನಿ ಒಡೆಯುತ್ತದೆ, ಹೇಳಿದ ಮಾತು ಕೇಳುವುದಿಲ್ಲ. ಬೇರೆ ದಾರಿ ಇರಲಿಲ್ಲ. ಅಪ್ಪ ಹಳೆಯದನ್ನು ಪೇಪರಿನಲ್ಲಿ ಸುತ್ತಿ ತಾನೇ ಕಸಕ್ಕೆ ಹಾಕಿದ. ನಾದಸ್ವರದ ಮೂತಿ, ಜೀವಾಳಿ ಇಡುವ ಡಬ್ಬಿ, ಎಲ್ಲವನ್ನೂ ಸೋಪಿನಲ್ಲಿ ಮೂರು ಸಲ ತೊಳೆದ. ದಾರ, ಬಟ್ಟೆ ಬಿಸಾಕಿ ಹೊಸದು ಕಟ್ಟಿದ. ಹೊಸ ಜೀವಾಳಿಯನ್ನು ನನ್ನ ಬಾಯಿಗೆ ಕೊಡಲಿಲ್ಲ. ಶುಕ್ರವಾರ, ಶನಿವಾರ ಎರಡೂ ದಿನ ಲೋಟದ ನೀರಿನಲ್ಲಿ ನೆನೆಸಿ, ಬೆರಳಲ್ಲಿ ಒತ್ತಿ ಒತ್ತಿ ಪಳಗಿಸಿದ.

"ನನ್ನ ಕೇಳಿದ್ರೆ ಭಾನುವಾರ ಬೇಡವೇ ಬೇಡ," ಎಂದಳು ಬಾನು ಅಕ್ಕ. "ಗಟ್ಟಿಮೇಳ ಎಷ್ಟು ಹೊತ್ತು?"

ಎರಡು ಬೆರಳು ತೋರಿಸಿದೆ.

"ಎರಡು ಗಂಟೆನಾ?"

ನಿಮಿಷ ಎಂದು ಗಾಳಿಯಲ್ಲಿ ಬರೆದೆ.

"ಅದೊಂದೇ. ಮಿಕ್ಕಿದ್ದೇನಾದ್ರೂ ಊದಿದೆ ಅಂತ ಕಿವಿಗೆ ಬಿತ್ತೋ, ಛತ್ರಕ್ಕೇ ಬಂದು ಮುರಿದು ಹಾಕ್ತೀನಿ."

ಶನಿವಾರ ಸಂಜೆ ನರಸಿಂಹಪ್ಪನವರ ಫೋನು ಬಂತು. ಅಪ್ಪ ಸ್ಪೀಕರಿನಲ್ಲಿಟ್ಟ.

"ವೆಂಕಟರಮಣಪ್ಪ, ನಿನ್ನ ಮಗನ ಬಾಯಿ ಚೆನ್ನಾಗಿಲ್ವಂತೆ. ಶುಭಕಾರ್ಯ ನೋಡು, ನಾಲ್ಕು ಜನ ನಾಲ್ಕು ಮಾತಾಡ್ತಾರೆ. ಡೋಲು ಒಂದು ಕಳಿಸಿಬಿಡು. ವಾಲಗಕ್ಕೆ ನಮ್ಮ ಅಮರ ಏನೋ ವ್ಯವಸ್ಥೆ ಮಾಡಿದಾನೆ."

ನಾನು ಫೋನಿನ ಕಡೆ ಕೈ ಚಾಚಿದೆ. ಅಪ್ಪ ನನ್ನ ಕೈ ಹಿಡಿದ. ಎಲೆಯನ್ನು ಒಂದು ಗೇಣು ಪಕ್ಕಕ್ಕೆ ಎಳೆದುಕೊಂಡ ಅದೇ ಕೈ.

"ಬರ್ತಾನೆ ಸ್ವಾಮಿ," ಎಂದ. "ಅಂಟುರೋಗ ಅಲ್ಲ ಅದು, ನಿಮ್ಮ ಮಾವಿನ ಸೊನೆ. ಗಟ್ಟಿಮೇಳ ನನ್ನ ಮಗನೇ ಊದ್ತಾನೆ. ಮಾತಂದ್ರೆ ಮಾತು ಅಂದಿದ್ರಿ." ಫೋನು ಇಟ್ಟು ಮತ್ತೆ ಜೀವಾಳಿ ಒತ್ತಲು ಕೂತ. ಅಮ್ಮ ನೀರು ತಂದುಕೊಟ್ಟಳು.

ಭಾನುವಾರ. ತುಟಿ ಎಳೇ ಮಗುವಿನ ಅಂಗಾಲಿನ ಹಾಗೆ ತೆಳ್ಳಗೆ, ಗುಲಾಬಿ. ಎಡಗಡೆಯ ಮೂಲೆಯಲ್ಲಿ ಒಣಗಿದ ಗಾಯದ ಒಂದು ಹಕ್ಕಳೆ ಉಳಿದಿತ್ತು. ಛತ್ರದಲ್ಲಿ ನರಸಿಂಹಪ್ಪ ನನ್ನ ಮುಖವನ್ನು ಹತ್ತಿರದಿಂದ ನೋಡಿ, "ಬಂದಿದೀಯ, ಇರು. ಆದ್ರೆ ಆ ಪರದೆ ಹಿಂದೆ ನಿಂತ್ಕೋ. ಫೋಟೋದಲ್ಲಿ ಬರೋದು ಬೇಡ," ಎಂದರು.

ನಾನು ಜಾಗ ಬಿಡಲಿಲ್ಲ. ನಮ್ಮ ತಾತ, ಅಪ್ಪ ನಿಲ್ಲುತ್ತಿದ್ದ ಜಾಗ ಮಂಟಪದ ಎಡಕ್ಕೆ, ಹುಡುಗಿಯ ಕಡೆ. ಅಲ್ಲೇ ನಿಂತೆ. ಚಿಕ್ಕಪ್ಪ ಪಕ್ಕದಲ್ಲಿ ಡೋಲು ಏರಿಸಿಕೊಂಡ. ಎದುರಿಗೆ ಅಮರನಾಥ ಪೆಟ್ಟಿಗೆಯಷ್ಟು ದೊಡ್ಡ ಎರಡು ಸ್ಪೀಕರಿನ ನಡುವೆ, ಪೆನ್‌ಡ್ರೈವ್ ಚುಚ್ಚಿಕೊಂಡು, ಬೆರಳು ಗುಂಡಿಯ ಮೇಲಿಟ್ಟುಕೊಂಡು.

ಬೆಳಗಿನಿಂದ ಅವನ ಪೆನ್‌ಡ್ರೈವೇ ಹಾಡಿತ್ತು. ನಾನು ಸುಮ್ಮನೆ ನೀರಿನ ಲೋಟದಲ್ಲಿ ಜೀವಾಳಿ ಅದ್ದಿಕೊಂಡು ನಿಂತಿದ್ದೆ. ಜನ ಬಂದು ಬಂದು ನನ್ನ ತುಟಿ ನೋಡಿ ಹೋದರು. ನೋಡಲಿ. ಮುಚ್ಚಿಕೊಳ್ಳಲು ನಾನೇನು ಕದ್ದಿದ್ದೆನೇ?

ಪುರೋಹಿತರು ಕೈ ಎತ್ತಿದರು. "ಗಟ್ಟಿಮೇಳ! ಗಟ್ಟಿಮೇಳ!"

ಅಮರನಾಥ ಗುಂಡಿ ಒತ್ತಿದ. ಎರಡು ಸ್ಪೀಕರಿನಿಂದಲೂ ಛತ್ರ ಅದುರುವ ಹಾಗೆ ಒಬ್ಬ ಹೆಂಗಸಿನ ದನಿ ಹೊರಟಿತು: "ನಮಸ್ಕಾರ ವೀಕ್ಷಕರೇ! ನಮ್ಮ ಚಾನೆಲ್‌ಗೆ ಸ್ವಾಗತ, ಈ ವಿಡಿಯೋ ಇಷ್ಟ ಆದ್ರೆ..."

ಹುಡುಗ ತಾಳಿ ಹಿಡಿದವನು ಹಾಗೇ ನಿಂತ. ಛತ್ರದ ತುಂಬ ನಗು. ನರಸಿಂಹಪ್ಪ "ಏ ಅಮರ!" ಎಂದು ಚೀರಿದರು. ಆ ಚೀರಾಟ ಮಗಳ ಕಿವಿಗೆ ಬೀಳುವ ಮೊದಲೇ ಚಿಕ್ಕಪ್ಪನ ಕೋಲು 'ಢಂ' ಎಂದಿತು. ನಾನು ಊದಿದೆ.

ಹೊಸ ಜೀವಾಳಿ ಮೊದಲು ಕಿರುಚಿತು, ಕಾಲು ತುಳಿಸಿಕೊಂಡ ನವಿಲಿನ ಹಾಗೆ. ಎರಡನೇ ಉಸಿರಿಗೆ ಹಿಡಿತಕ್ಕೆ ಬಂತು. ಮೂರನೆಯದಕ್ಕೆ ಆ ಹೆಂಗಸಿನ ದನಿ, ನಗು, ನರಸಿಂಹಪ್ಪನವರ ಬೈಗುಳ, ಎಲ್ಲ ಅದರ ಕೆಳಗೆ ಮುಳುಗಿಹೋಯಿತು. ಒಂಬತ್ತು ದಿನ ನುಂಗಿಕೊಂಡದ್ದೆಲ್ಲ ಆ ಕೊಳವೆಯಲ್ಲಿ ಹೋಯಿತು. ಎಡಮೂಲೆಯ ಹಕ್ಕಳೆ ಕಿತ್ತುಬಂತು. ನಾಲಿಗೆಗೆ ಉಪ್ಪು ತಾಗಿತು. ಬಿಡಲಿಲ್ಲ. ಮೂರು ಗಂಟು ಬಿಗಿಯುವ ತನಕ ಬಿಡಲಿಲ್ಲ. ಮಾನಸ ತಲೆ ಬಗ್ಗಿಸಿಕೊಂಡವಳು ಒಂದು ಸಲ ಎತ್ತಿ ನನ್ನ ಕಡೆ ನೋಡಿ, ಮತ್ತೆ ಬಗ್ಗಿಸಿದಳು.

ನಿಲ್ಲಿಸಿದಾಗ ಬಾಯಿ ಒರೆಸಿಕೊಂಡೆ. ಟವೆಲಿನ ಮೇಲೆ ಕಡಲೆಯಷ್ಟು ರಕ್ತ.

ಮೊದಲನೇ ಪಂಕ್ತಿ. ನೆಂಟರ ಸಾಲಿನ ನಡುವೆ ಮೂರು ಎಲೆ ಹಿಡಿದು ಕೂತೆವು: ಅಪ್ಪ, ಚಿಕ್ಕಪ್ಪ, ನಾನು. ಪಕ್ಕದ ಎಲೆಯವರು ಒಂದಿಬ್ಬರು ಎದ್ದು ಆ ಕಡೆಗೆ ಹೋದರು. ಹೋಗಲಿ, ಗಾಳಿ ಚೆನ್ನಾಗಿ ಬಂತು.

ಬಕೆಟು ಹಿಡಿದು ಬಂದ ಅಮರನಾಥ ನಿಂತ. "ಎರಡು ನಿಮಿಷ ಊದಿದ್ದಕ್ಕೆ ಇಷ್ಟೊಂದಾ?"

"ತಾಳಿ ಕಟ್ಟಿದ್ದು ಎಷ್ಟು ನಿಮಿಷನಪ್ಪ?" ಎಂದ ಚಿಕ್ಕಪ್ಪ. "ಪಲ್ಯ ಬಡಿಸು. ವೀಕ್ಷಕರು ಕಾಯ್ತಾವ್ರೆ."

ಸಾಲಿಗೆ ಸಾಲೇ ನಕ್ಕಿತು. ನಾನು ನಗಲಿಲ್ಲ, ಮೂಲೆ ಮತ್ತೆ ಸೀಳುತ್ತದೆ. ಜೇಬಿನಿಂದ ವ್ಯಾಸಲೀನಿನ ಡಬ್ಬಿ ತೆಗೆದೆ. ಅಷ್ಟು ಜನರ ಮುಂದೆ, ಎಲೆಯ ಮುಂದೆ ಕೂತು, ಕಿರುಬೆರಳಿನಿಂದ ತುಟಿಗೆ ನಿಧಾನವಾಗಿ ಹಚ್ಚಿಕೊಂಡೆ. ಸಾರು ಬೇಡ ಎಂದೆ, ಉಪ್ಪಿನಕಾಯಿ ಬೇಡ ಎಂದೆ. ಮೂರು ತಿಂಗಳು ಕಾದಾಡಿ ಗೆದ್ದ ಎಲೆಯ ಮೇಲೆ ನಾನು ತಿಂದದ್ದು ಬರೀ ಮೊಸರನ್ನ. ಅಷ್ಟು ರುಚಿಯಾದ ಮೊಸರನ್ನವನ್ನು ನಾನು ಮತ್ತೆ ತಿಂದಿಲ್ಲ.

ಕೊನೆಗೆ ಮಾವಿನ ಸೀಕರಣೆ ಬಂತು. ಅದನ್ನು ನರಸಿಂಹಪ್ಪ ತಾವೇ ಬಡಿಸುತ್ತಿದ್ದರು. ತಮ್ಮ ತೋಟದ ಹಣ್ಣಲ್ಲವೇ. ನನ್ನ ಮುಂದೆ ಬಂದು ಸೌಟು ಬಗ್ಗಿಸಿದರು. ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದೆ.

"ಬೇಡ."

ಈ ಊರಿನಲ್ಲಿ ಅವರ ಹಣ್ಣನ್ನು ಬೇಡ ಎಂದವರಿಲ್ಲ.

"ನಮ್ಮ ಮರದ ಬಾದಾಮಿ ಕಣಯ್ಯ. ನಾನೇ ನಿಂತು ಬಡಿಸ್ತಿದೀನಿ. ಬೇಡ ಅಂತೀಯಾ?"

"ನನಗೆ ಆಗಲ್ಲ ಸ್ವಾಮಿ. ಇನ್ಮೇಲೆ ಯಾವತ್ತೂ ಆಗಲ್ಲ. ನನ್ನ ಪಾಲೂ ನಮ್ಮಪ್ಪಂಗೇ ಬಡಿಸಿ."

ಸೌಟು ಗಾಳಿಯಲ್ಲಿ ಹಾಗೇ ಇತ್ತು. ಅಲ್ಲಿಂದ ಒಂದೊಂದೇ ಹನಿ ನೆಲಕ್ಕೆ ತೊಟ್ಟಿಕ್ಕಿತು. ಆಮೇಲೆ ನರಸಿಂಹಪ್ಪ ಪಕ್ಕಕ್ಕೆ ಸರಿದರು, ಸೊಂಟ ಬಗ್ಗಿಸಿದರು, ಅಪ್ಪನ ಎಲೆಗೆ ಒಂದು ಸೌಟು ಬಡಿಸಿದರು. ಕೈ ಜೋರಾಗಿತ್ತೇನೋ, ಸೀಕರಣೆ ಎಲೆಯ ಅಂಚಿನವರೆಗೂ ಹರಿಯಿತು.

ಅಪ್ಪ ಎಲೆಯನ್ನು ಎಳೆದುಕೊಳ್ಳಲಿಲ್ಲ. ಕೂತಲ್ಲೇ ಕೂತು, ಹರಿದು ಬಂದದ್ದನ್ನು ಅಂಗೈಯಿಂದ ತಡೆದು, ಹಲ್ಲಿಲ್ಲದ ಬಾಯಿ ತುಂಬ ಸುರಿದು, ತಲೆ ಎತ್ತಿದ.

"ಮಗನ ಪಾಲು ಸ್ವಾಮಿ," ಎಂದ. "ಇನ್ನೊಂದು ಸೌಟು."